ಹೊಂಡವೋ, ಈಜುಕೊಳವೋ? ಗುದ್ದಲಿ ಪೂಜೆಗೆ ಮೊದಲೇ ತೀರ್ಮಾನಿಸಿ

ಹಾವೇರಿ ಜಿಲ್ಲೆ ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರು ಸುತ್ತಮುತ್ತ ಶಿವರಾತ್ರಿ ಕಳೆಯಿತೆಂದರೆ ಹೊಲಗಳಲ್ಲಿ ಜೆಸಿಬಿ, ಹಿಟಾಚಿಗಳ ಸದ್ದು. ಗೋವಿನಜೋಳದ ಒಕ್ಕಣೆ ಮುಗಿದಿರುತ್ತದೆ, ಹತ್ತಿಕಟ್ಟಿಗೆ ಕಿತ್ತಾಗಿರುತ್ತದೆ, ಹೊಲ ಬಯಲಾಗಿರುತ್ತದೆ. ಕೃಷಿ ಹೊಂಡ ತೋಡಿಸಲು ಇದೇ ಹದ. ನೆಲ ಒಣಗಿರುವುದರಿಂದ ಯಂತ್ರ ಹೂತುಕೊಳ್ಳುವುದಿಲ್ಲ, ರೋಹಿಣಿ ಮಳೆಗೆ ಇನ್ನೂ ದಿನಗಳಿರುತ್ತವೆ, ಕೈಯಲ್ಲಿ ಮಾಲು ಮಾರಿದ ನಾಲ್ಕು ಕಾಸೂ ಇರುತ್ತವೆ.

ಈಚೆಗೆ ಈ ಕೆಲಸಕ್ಕೆ ಇನ್ನೊಂದು ಆಸೆಯೂ ಅಂಟಿಕೊಂಡಿದೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ನೌಕರಿ ಮಾಡುವ ಮಕ್ಕಳು ಹಬ್ಬಕ್ಕೆ, ಬೇಸಿಗೆ ರಜೆಗೆ ಊರಿಗೆ ಬರುತ್ತಾರೆ. ಮೊಮ್ಮಕ್ಕಳು ಅಪಾರ್ಟ್‌ಮೆಂಟಿನ ನೀಲಿ ಕೊಳ ಕಂಡವರು. ‘ಹೆಂಗಿದ್ರೂ ಗುಂಡಿ ತೋಡಸಾಕತ್ತೀವಿ, ಅದನ್ನ ಸ್ವಿಮ್ಮಿಂಗ್ ಪೂಲ್ ಮಾಡಿಬಿಟ್ರ ಆತಲ್ಲ?’ ಎಂಬ ಮಾತು ಮನೆಯ ಪಡಸಾಲೆಯಲ್ಲಿ ಸಲೀಸಾಗಿ ಬರುತ್ತದೆ. ತೋಟದ ಮನೆ ಕಟ್ಟಿಸುವವರಂತೂ ಹಿತ್ತಲಿನಲ್ಲಿ ಈಜುಕೊಳಕ್ಕೆ ಜಾಗ ಬಿಟ್ಟೇ ನಕ್ಷೆ ಬರೆಸುತ್ತಾರೆ.

ಹೊಂಡ ಒಳ್ಳೆಯದು, ಈಜುಕೊಳವೂ ಕೆಟ್ಟದ್ದಲ್ಲ. ಒಂದೇ ಗುಂಡಿಯಲ್ಲಿ ಎರಡನ್ನೂ ಬಯಸಿದರೆ ದುಡ್ಡು ದಂಡ, ಕೆಲವೊಮ್ಮೆ ಜೀವವೂ ದಂಡ. ಹೊಂಡ ಮಳೆನೀರನ್ನು ಗಳಿಸಿ ಇಡುತ್ತದೆ, ಈಜುಕೊಳ ಇದ್ದ ನೀರನ್ನು ಖರ್ಚು ಮಾಡುತ್ತದೆ. ಜಾಗ, ಆಳ, ಇಳಿಜಾರು, ಒಳಮೈ ಎಲ್ಲದರಲ್ಲೂ ಎರಡರ ದಾರಿ ಬೇರೆ. ಯಾವುದನ್ನೇ ತೋಡಿಸಿ, ಮುಂದೆ ಏನೇನು ಎದುರಾಗುತ್ತದೆ ಎಂಬುದು ಮೊದಲೇ ತಿಳಿದಿರಲಿ.

ಮೊದಲು ಕೇಳಬೇಕಾದದ್ದು

ಹೊಂಡದ ಮಾತೆತ್ತಿದರೆ ಎಲ್ಲರೂ ಕೇಳುವುದು ‘ಎಷ್ಟು ದೊಡ್ಡದು, ಎಷ್ಟು ಖರ್ಚು’ ಎಂದು. ಅದಕ್ಕೂ ಮೊದಲು ಕೇಳಬೇಕಾದವು ಮೂರು: ನೀರು ಯಾವ ದಿಕ್ಕಿನಿಂದ ಬರುತ್ತದೆ, ತುಂಬಿದ ಮೇಲೆ ಯಾವ ದಿಕ್ಕಿಗೆ ಹೋಗುತ್ತದೆ, ಮಕ್ಕಳು ಮತ್ತು ದನಕರು ಅದರತ್ತ ಹೋಗದಂತೆ ತಡೆಯುವುದು ಹೇಗೆ.

ಹಾವೇರಿ ಜಿಲ್ಲೆಯ ಪಶ್ಚಿಮದ ಹಾನಗಲ್ ಕಡೆ ಅರೆಮಲೆನಾಡಿನ ಮಳೆ. ಪೂರ್ವಕ್ಕೆ ಸರಿದಂತೆ ಕಡಿಮೆ. ಲೆಕ್ಕಕ್ಕೆಂದು ವರ್ಷಕ್ಕೆ 700 ಮಿಲಿಮೀಟರ್ ಹಿಡಿಯೋಣ. ಒಂದು ಎಕರೆ ಹೊಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 4,047 ಲೀಟರ್ ನೀರು. 700 ಮಿ.ಮೀ. ಅಂದರೆ 28 ಲಕ್ಷ ಲೀಟರಿಗೂ ಹೆಚ್ಚು. ಆದರೆ ಅದರಲ್ಲಿ ಬಹುಪಾಲು ಮಣ್ಣಿಗಿಳಿಯುತ್ತದೆ, ಬೆಳೆ ಕುಡಿಯುತ್ತದೆ, ಆವಿಯಾಗುತ್ತದೆ. ಐದರಲ್ಲಿ ಒಂದು ಪಾಲು ಹರಿದು ಬಂತೆಂದರೂ ಎಕರೆಗೆ ಐದೂವರೆ ಲಕ್ಷ ಲೀಟರಿನ ಸುತ್ತಮುತ್ತ. ನಿಮ್ಮ ಹೊಂಡಕ್ಕೆ ಎಷ್ಟು ಎಕರೆಯ ನೀರು ಹರಿದು ಬರುತ್ತದೆ ಎಂಬುದರ ಮೇಲೆ ಹೊಂಡದ ಗಾತ್ರ ನಿಲ್ಲಬೇಕು. ಅರ್ಧ ಎಕರೆಯ ನೀರು ಬರುವ ಜಾಗದಲ್ಲಿ ಎರಡು ಎಕರೆಯ ನೀರಿಗೆ ತಕ್ಕ ಹೊಂಡ ತೋಡಿಸಿದರೆ ಪ್ರತಿ ವರ್ಷ ಕಾಲುಭಾಗ ತುಂಬಿದ ಗುಂಡಿಯನ್ನು ನೋಡುತ್ತ ಕೂರಬೇಕಾಗುತ್ತದೆ.

ಜಾಗ ಹುಡುಕಲು ದುಬಾರಿ ಉಪಕರಣ ಬೇಡ. ಜೋರು ಮಳೆ ಸುರಿಯುವಾಗ ಕೊಡೆ ಹಿಡಿದು ಹೊಲ ಸುತ್ತಿದರೆ ನೀರು ಯಾವ ಬದುವಿನ ಗುಂಟ ಹರಿಯುತ್ತದೆ, ಎಲ್ಲಿ ಮಡುಗಟ್ಟುತ್ತದೆ, ಎಲ್ಲಿ ಒಡ್ಡು ಒಡೆದು ಪಕ್ಕದ ಹೊಲಕ್ಕೆ ನುಗ್ಗುತ್ತದೆ ಎಂದು ನೆಲವೇ ತೋರಿಸುತ್ತದೆ. ಹೊಲದ ತೀರ ತಗ್ಗಿನಲ್ಲಿ, ಹಳ್ಳದ ಬಾಯಿಗೇ ಹೊಂಡ ತೋಡಬೇಡಿ. ಒಂದು ದೊಡ್ಡ ಮಳೆಗೆ ಹೂಳು ತುಂಬಿ ದಂಡೆ ಕೊಚ್ಚಿ ಹೋಗುತ್ತದೆ. ತಗ್ಗಿಗಿಂತ ಸ್ವಲ್ಪ ಮೇಲೆ, ಕಾಲುವೆ ತಿರುಗಿಸಿ ನೀರು ತರಬಹುದಾದ ಜಾಗ ಒಳ್ಳೆಯದು. ವಿದ್ಯುತ್ ತಂತಿಯ ಕೆಳಗೆ, ದೊಡ್ಡ ಮರದ ಬುಡದಲ್ಲಿ, ಪಕ್ಕದವರ ಬದುವಿಗೆ ಒತ್ತಿ ಬೇಡ. ಬಾಂದುಗಲ್ಲಿನಿಂದ ಸಾಕಷ್ಟು ದೂರ ಬಿಡಿ. ಹೊಂಡದ ದಂಡೆ ಕುಸಿದು ಅಣ್ಣತಮ್ಮಂದಿರ ನಡುವೆ ಎದ್ದ ಜಗಳ ಹೊಂಡ ಮುಚ್ಚಿದರೂ ಮುಗಿಯುವುದಿಲ್ಲ.

ಅಳತೆಯ ಮೋಸ

ಕೃಷಿ ಇಲಾಖೆಯ ‘ಕೃಷಿ ಭಾಗ್ಯ’ ಯೋಜನೆಯಲ್ಲಿ ಹೊಂಡದ ಅಳತೆಗಳು ನಿಗದಿಯಾಗಿಬಿಟ್ಟಿವೆ: 10, 12, 15, 18, 21 ಮೀಟರಿನ ಚೌಕ, ಆಳ 3 ಮೀಟರ್. 21 ಮೀಟರಿನ ಹೊಂಡ ಅಂದಕೂಡಲೇ ರೈತರು 21 × 21 × 3 ಎಂದು ಗುಣಿಸಿ 13 ಲಕ್ಷ ಲೀಟರ್ ಎಂದುಕೊಳ್ಳುತ್ತಾರೆ. ಅಷ್ಟು ನೀರು ಅದರಲ್ಲಿ ಹಿಡಿಯುವುದಿಲ್ಲ. ಗೋಡೆ ನೆಟ್ಟಗೆ ನಿಂತರೆ ಕುಸಿಯುತ್ತದೆ, ಹಾಗಾಗಿ ಒಳಗೆ ಇಳಿಜಾರು ಕೊಡಲೇಬೇಕು. ಒಂದಕ್ಕೊಂದರ ಇಳಿಜಾರು ಕೊಟ್ಟರೆ ಮೇಲೆ 21 ಮೀಟರ್ ಇದ್ದದ್ದು ತಳದಲ್ಲಿ 15 ಮೀಟರ್ ಆಗುತ್ತದೆ. ಆಗ ಹಿಡಿಯುವುದು 9.8 ಲಕ್ಷ ಲೀಟರ್. 12 ಮೀಟರಿನ ಹೊಂಡದ ತಳ 6 ಮೀಟರ್, ಹಿಡಿಯುವುದು ಎರಡೂವರೆ ಲಕ್ಷ ಲೀಟರ್ ಮಾತ್ರ. ಅಗಲ ಒಂದೂಮುಕ್ಕಾಲು ಪಟ್ಟಾದರೆ ನೀರು ಹತ್ತಿರ ಹತ್ತಿರ ನಾಲ್ಕು ಪಟ್ಟಾಗುತ್ತದೆ. ಸಣ್ಣ ಹೊಂಡ ಎರಡು ತೋಡಿಸುವುದಕ್ಕಿಂತ ದೊಡ್ಡದೊಂದು ಲಾಭ ಎನ್ನುವುದು ಇದಕ್ಕೇ.

ಆ 9.8 ಲಕ್ಷ ಲೀಟರಿನಿಂದ ಏನಾಗುತ್ತದೆ? ಒಂದು ಎಕರೆಗೆ ಒಂದು ಇಂಚು ನೀರು ಕೊಡಲು ಸುಮಾರು ಒಂದು ಲಕ್ಷ ಲೀಟರ್ ಬೇಕು. ಗೋವಿನಜೋಳ ಸೂಲಂಗಿ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟರೆ ಮೂರ್ನಾಲ್ಕು ಎಕರೆಗೆ ಸ್ಪ್ರಿಂಕ್ಲರ್‌ನಲ್ಲಿ ಎರಡು ಸಲ ನೀರುಣಿಸಿ ಬೆಳೆ ಉಳಿಸಿಕೊಳ್ಳಬಹುದು. ಹೊಂಡ ಇರುವುದು ಈ ಆಪತ್ತಿನ ನೀರಿಗೆ. ಹೊಂಡ ತೋಡಿಸಿದೆನೆಂದು ಅದೇ ವರ್ಷ ಅಡಿಕೆ ಹಚ್ಚಿದರೆ, ಬೇಸಿಗೆಯಲ್ಲಿ ಸಸಿಯೂ ಒಣಗುತ್ತದೆ, ಹೊಂಡವೂ ಒಣಗುತ್ತದೆ.

ಬಿಸಿಲು ಕುಡಿಯುವ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೇಸಿಗೆಯಲ್ಲಿ ದಿನಕ್ಕೆ 6 ಮಿ.ಮೀ. ಆವಿಯಾಗುತ್ತದೆ ಎಂದರೂ 21 ಮೀಟರಿನ ಹೊಂಡದಿಂದ ದಿನಕ್ಕೆ 2,600 ಲೀಟರ್, ತಿಂಗಳಿಗೆ ಮುಕ್ಕಾಲು ಲಕ್ಷ ಲೀಟರಿಗೂ ಹೆಚ್ಚು ನೀರು ಗಾಳಿಗೆ ಹೋಗುತ್ತದೆ. ಅದೇ ನೀರನ್ನು ಅಗಲ ಕಡಿಮೆಯಿರುವ, ಆಳ ಹೆಚ್ಚಿರುವ ಗುಂಡಿಯಲ್ಲಿ ನಿಲ್ಲಿಸಿದರೆ ನಷ್ಟ ಕಡಿಮೆ. ಹೊಂಡ ಆಳ ಬೇಡುವುದು ಈ ಕಾರಣಕ್ಕೆ. ಈಜು ಕಲಿಯುವವರಿಗೆ ಆಗದಿರುವುದೂ ಈ ಆಳವೇ.

ಎರೆಯೋ, ಮಸಾರಿಯೋ

ಈ ಭಾಗದಲ್ಲಿ ಒಂದೇ ಊರಿನ ಎರಡು ದಿಕ್ಕಿಗೆ ಎರಡು ಬಗೆಯ ಮಣ್ಣಿರುತ್ತದೆ. ಮಸಾರಿ ಹೊಲ ನೀರು ಇಂಗಿಸುತ್ತದೆ. ಅಲ್ಲಿ ಹಾಳೆ ಹಾಸದೆ ನೀರು ನಿಲ್ಲದು. ಎರೆಮಣ್ಣು ನೆನೆದಾಗ ಉಬ್ಬಿ ತಾನೇ ಸಂದು ಮುಚ್ಚಿಕೊಳ್ಳುತ್ತದೆ, ಹಾಳೆಯಿಲ್ಲದೆಯೂ ಕೆಲವು ತಿಂಗಳು ನೀರು ಹಿಡಿಯುತ್ತದೆ. ಆದರೆ ಅದೇ ಎರೆ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದಾಗ ದಂಡೆ ಜಾರುತ್ತದೆ. ಎರೆಯಲ್ಲಿ ಇಳಿಜಾರನ್ನು ಇನ್ನಷ್ಟು ಹಗುರ ಮಾಡಿ, ಒಂದಕ್ಕೆ ಒಂದೂವರೆ ಕೊಡುವುದು ಕ್ಷೇಮ. ನೀರು ಸ್ವಲ್ಪ ಕಡಿಮೆ ಹಿಡಿಯುತ್ತದೆ, ದಂಡೆ ಮಾತ್ರ ನಿಲ್ಲುತ್ತದೆ.

ಯಂತ್ರ ಕರೆಸುವ ಮುನ್ನ ಆಳುಗಳಿಂದ ಒಂದು ಆಳೆತ್ತರದ ಗುಂಡಿ ತೋಡಿಸಿ ನೋಡಿ. ಮೇಲೆ ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಕಲ್ಲು ಎಷ್ಟೆಷ್ಟು ಆಳಕ್ಕಿದೆ ಎಂದು ಗೊತ್ತಾಗುತ್ತದೆ. ಈ ಕೆಲಸ ತಪ್ಪಿಸಿದವರಿಗೆ ಎರಡನೆಯ ದಿನ ಯಂತ್ರದ ಡ್ರೈವರ್ ಬಂದು ‘ಸಾಹುಕಾರ್ರ, ಕಲ್ಲು ಹತ್ತೇತ್ರಿ’ ಎನ್ನುತ್ತಾನೆ. ಅಲ್ಲಿಂದ ಬ್ರೇಕರ್, ಅದರ ಬಾಡಿಗೆ, ಅದರ ತಾಸುಗಳು. ಮಾತಾಡಿಕೊಂಡ ಖರ್ಚು ಅಲ್ಲಿಗೆ ಮುರಿದುಬಿತ್ತು.

ಯಂತ್ರ ಹೊಲಕ್ಕಿಳಿದ ಮೇಲೆ

ತಾಸಿನ ಲೆಕ್ಕವೋ ಬ್ರಾಸಿನ ಲೆಕ್ಕವೋ ಎಂದು ಮೊದಲೇ ಬರೆದಿಡಿ. ಒಂದು ಬ್ರಾಸ್ ಅಂದರೆ ನೂರು ಘನ ಅಡಿ. 21 ಮೀಟರಿನ ಹೊಂಡದಿಂದ ಸುಮಾರು 350 ಬ್ರಾಸ್ ಮಣ್ಣು ಬರುತ್ತದೆ. ನೆಲದೊಳಗೆ ಬಿಗಿಯಾಗಿದ್ದ ಮಣ್ಣು ಹೊರಗೆ ಬಂದಾಗ ಅದಕ್ಕಿಂತ ಕಾಲುಭಾಗ ಹೆಚ್ಚು ಜಾಗ ಬೇಡುತ್ತದೆ. ಹೊಸಬರು ಬೆಚ್ಚುವುದು ಈ ಮಣ್ಣಿನ ಗುಡ್ಡ ಕಂಡಾಗಲೇ. ಮೇಲಿನ ಒಂದಡಿ ಫಲವತ್ತಾದ ಮಣ್ಣನ್ನು ಬೇರೆ ರಾಶಿ ಹಾಕಿಸಿ ಹೊಲಕ್ಕೇ ಹರಡಿಸಿ. ಕೆಳಗಿನ ಗರಸು ಹೊಂಡದ ದಂಡೆಗೆ, ತೋಟದ ದಾರಿಗೆ ಬರುತ್ತದೆ. ದಂಡೆಯ ಮೇಲೆ ಮಣ್ಣು ಸುರಿದು ಹಾಗೇ ಬಿಡಬೇಡಿ. ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ಯಂತ್ರ ಓಡಾಡಿಸಿ ಬಿಗಿಗೊಳಿಸಬೇಕು.

ನೀರು ಒಳಬರುವ ಜಾಗದಲ್ಲಿ ಹೊಂಡಕ್ಕೂ ಮೊದಲು ಒಂದು ಹೂಳುಗುಂಡಿ ಇರಬೇಕು: ಎರಡು ಮೀಟರ್ ಉದ್ದಗಲ, ಒಂದು ಮೀಟರ್ ಆಳವಾದರೆ ಸಾಕು. ಮಣ್ಣು ಅಲ್ಲಿ ಕುಳಿತು ತಿಳಿನೀರು ಒಳಗೆ ಬರುತ್ತದೆ. ಇನ್ನೊಂದು ಬದಿಗೆ ಕೋಡಿ. ದಂಡೆಯ ಮಟ್ಟಕ್ಕಿಂತ ಒಂದಡಿ ಕೆಳಗೆ ಕೋಡಿ ಇಟ್ಟು ಕಲ್ಲು ಹಾಸಬೇಕು, ಹೆಚ್ಚಾದ ನೀರು ಸುರಕ್ಷಿತವಾಗಿ ಹಳ್ಳ ಸೇರುವಂತಿರಬೇಕು. ಕೋಡಿಯ ಮಹತ್ವ ಈ ಸೀಮೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಕುಮುದ್ವತಿ ನದಿಗೆ ಅಡ್ಡವಾಗಿ ವಿಜಯನಗರದ ಕಾಲದಲ್ಲಿ ಕಟ್ಟಿದ ಮಾಸೂರಿನ ಮದಗದ ಕೆರೆ ಇರುವುದು ಇದೇ ಭಾಗದಲ್ಲಿ. ಕೆರೆ ಕಟ್ಟಿದವರು ಒಳಬರುವ ನೀರಿಗೆ ಕೊಟ್ಟಷ್ಟೇ ಗಮನವನ್ನು ಹೊರಹೋಗುವ ನೀರಿಗೂ ಕೊಟ್ಟಿದ್ದರು. ಕೆರೆ ದೊಡ್ಡದಿರಲಿ, ಹೊಂಡ ಸಣ್ಣದಿರಲಿ, ಕೋಡಿಯಿಲ್ಲದ ನೀರು ದಂಡೆ ಒಡೆದೇ ದಾರಿ ಮಾಡಿಕೊಳ್ಳುತ್ತದೆ.

ತಾಡಪತ್ರಿಯ ದಿನ

ಹೊಂಡದೊಳಗೆ ಹಾಸುವ ಕಪ್ಪು ಹಾಳೆಗೆ ಜನ ತಾಡಪತ್ರಿ ಎನ್ನುತ್ತಾರೆ. ಇಲಾಖೆ ಕೇಳುವುದು 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್ ದಪ್ಪ. ಕೈಯಲ್ಲಿ ಮುಟ್ಟಿ ದಪ್ಪ ಹೇಳಲಾಗದು, ತೂಗಿ ಹೇಳಬಹುದು. ಎಚ್‌ಡಿಪಿಇ ಹಾಳೆ ನಿಜಕ್ಕೂ 500 ಮೈಕ್ರಾನ್ ಇದ್ದರೆ ಒಂದು ಚದರ ಮೀಟರ್ ತುಂಡು 470 ಗ್ರಾಂ ಸುತ್ತ ತೂಗುತ್ತದೆ. ನೇಯ್ಗೆಯ ಹಾಳೆ ತುಸು ಹಗುರ. ತೂಕ ಅದರ ಅರ್ಧಕ್ಕಿಳಿದರೆ ಅಂಗಡಿಯವರನ್ನು ಪ್ರಶ್ನಿಸಿ. 21 ಮೀಟರಿನ ಹೊಂಡಕ್ಕೆ ಇಳಿಜಾರು, ತಳ, ಅಂಚಿನಲ್ಲಿ ಹೂಳುವ ಒಂದೊಂದು ಮೀಟರ್ ಎಲ್ಲ ಸೇರಿ ಸುಮಾರು 650 ಚದರ ಮೀಟರ್ ಹಾಳೆ ಬೇಕು.

ಹಾಸುವ ಮೊದಲು ಕಲ್ಲು, ಬೇರು, ಹತ್ತಿಕಟ್ಟಿಗೆಯ ಚೂರು ಒಂದೂ ಉಳಿಯದಂತೆ ಆರಿಸಬೇಕು. ಮೇಲೆ ಸಣ್ಣ ಮಣ್ಣು ಹರಡಿ ಸಮ ಮಾಡಬೇಕು. ಮಟಮಟ ಮಧ್ಯಾಹ್ನ ಹಾಸಬೇಡಿ. ಬಿಸಿಲಿಗೆ ಹಿಗ್ಗಿದ ಹಾಳೆ ರಾತ್ರಿ ಕುಗ್ಗಿ ಎಳೆದುಕೊಳ್ಳುತ್ತದೆ, ಬೆಸುಗೆ ಬಿಡುತ್ತದೆ. ಬೆಳಗಿನ ಹೊತ್ತು, ಗಾಳಿ ಕಡಿಮೆಯಿರುವಾಗ, ತುಸು ಸಡಿಲವಾಗಿ ಹಾಸಿ ಅಂಚನ್ನು ಸುತ್ತಲೂ ತೋಡಿದ ಕಾಲುವೆಯಲ್ಲಿ ಇಳಿಸಿ ಮಣ್ಣು ಮುಚ್ಚಬೇಕು. ಹಾಳೆಯ ಮೇಲೆ ಚಪ್ಪಲಿ, ಬೂಟು ಬೇಡ. ಇಲಿ, ಹೆಗ್ಗಣ, ಏಡಿಗಳ ಕಾಟಕ್ಕೆ ದಂಡೆಯ ಬಿಲಗಳನ್ನು ಮೊದಲೇ ಮುಚ್ಚಿಸಿ. ಬೇಸಿಗೆಯಲ್ಲಿ ಕೊನೆಯ ಒಂದಡಿ ನೀರನ್ನು ಎತ್ತದೆ ಬಿಡಿ. ಪೂರ್ತಿ ಖಾಲಿಯಾದರೆ ಬಿಸಿಲು ಹಾಳೆಯನ್ನು ಪೆಡಸು ಮಾಡುತ್ತದೆ, ಗಾಳಿ ಎಬ್ಬಿಸುತ್ತದೆ.

ಕಚೇರಿಯ ಕೆಲಸ

ಮಳೆಯಾಶ್ರಿತ ರೈತರಿಗೆಂದು ರಾಜ್ಯ ಸರ್ಕಾರ 2014–15ರಲ್ಲಿ ‘ಕೃಷಿ ಭಾಗ್ಯ’ ಆರಂಭಿಸಿತು. ನಡುವೆ ತಣ್ಣಗಾಗಿದ್ದ ಯೋಜನೆಗೆ 2023–24ರಲ್ಲಿ ಮತ್ತೆ ಜೀವ ಬಂತು. ಹೊಂಡ, ಹಾಳೆ, ನೀರೆತ್ತುವ ಪಂಪು, ಹನಿ ಅಥವಾ ತುಂತುರು ನೀರಾವರಿ ಒಂದೇ ಕಟ್ಟಿನಲ್ಲಿ ಬರುತ್ತವೆ. ಸಾಮಾನ್ಯ ವರ್ಗಕ್ಕೆ ಶೇ 80, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90ರ ಸಹಾಯಧನ ಈ ಯೋಜನೆಯ ಗುರುತು. ಸುತ್ತಲಿನ ತಂತಿಬೇಲಿಯೂ ಈಗ ಯೋಜನೆಯೊಳಗೆ ಸೇರಿದೆ, ಅದಕ್ಕೆ ಸಿಗುವ ಪಾಲು ಬೇರೆ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಉತಾರ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಎಫ್‌ಐಡಿ (ರೈತರ ಗುರುತಿನ) ಸಂಖ್ಯೆ ತೆಗೆದುಕೊಂಡು ಹೋದರೆ ಆ ವರ್ಷದ ದರ, ಷರತ್ತು ತಿಳಿಯುತ್ತದೆ. ಮಂಜೂರಾತಿ ಕೈಗೆ ಬರುವ ಮೊದಲೇ ಗುಂಡಿ ತೋಡಿಸಿಬಿಟ್ಟು ಆಮೇಲೆ ಸಹಾಯಧನ ಕೇಳುವ ತಪ್ಪು ಮಾಡಬೇಡಿ. ತೋಡುವ ಮುನ್ನ, ತೋಡಿದ ಮೇಲೆ, ಹಾಳೆ ಹಾಸಿದ ಮೇಲೆ ಜಾಗದ ಫೋಟೊ ತೆಗೆಯುತ್ತಾರೆ. ಹಣ ನಡೆಯುವುದು ಆ ಫೋಟೊಗಳ ಹಿಂದೆ.

ಕೃಷಿ ಹೊಂಡ ಕೃಷಿಯ ಭಾಗ, ಅದಕ್ಕೆ ಜಮೀನಿನ ಪರಿವರ್ತನೆ ಬೇಡ. ಅದೇ ಜಾಗದಲ್ಲಿ ರೆಸಾರ್ಟ್, ಹೋಂಸ್ಟೇ ಎಂದು ಬೋರ್ಡು ಹಾಕಿ, ಈಜಲು ಬಂದವರಿಂದ ಟಿಕೆಟ್ ಹಣ ಪಡೆದರೆ ಅದು ಕೃಷಿಯೇತರ ಬಳಕೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಮಿನಡಿ ಜಮೀನು ಎನ್‌.ಎ. ಮಾಡಿಸಿಕೊಳ್ಳಬೇಕು. ಸಹಾಯಧನದಲ್ಲಿ ತೋಡಿಸಿದ ಹೊಂಡವನ್ನು ಹೀಗೆ ಬಳಸುವ ಯೋಚನೆಯಿದ್ದರೆ ಅದನ್ನು ಇಲ್ಲಿಗೇ ಬಿಡಿ.

ಈಜುಕೊಳವೇ ಬೇಕೆಂದರೆ

ಹೊಂಡದ ಕೆಲಸ ವಾರ, ಹದಿನೈದು ದಿನದಲ್ಲಿ ಮುಗಿದೀತು. ಕಾಂಕ್ರೀಟಿನ ಈಜುಕೊಳಕ್ಕೆ ಮೂರು ನಾಲ್ಕು ತಿಂಗಳು ಹಿಡಿಯಿರಿ. ಮನೆಮಂದಿಗೆ 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.3 ಮೀಟರ್ ಆಳ ಧಾರಾಳ. ಕುಟುಂಬದ ಕೊಳಕ್ಕೆ ಇದಕ್ಕಿಂತ ಆಳ ಬೇಕಿಲ್ಲ. ತಲೆಕೆಳಗಾಗಿ ಧುಮುಕುವವರಿಗೆ ಇಷ್ಟು ನೀರು ಸಾಲದು, ಧುಮುಕುವುದನ್ನೇ ನಿಷೇಧಿಸಿ.

ಕೆಲಸದ ಕ್ರಮ ಹೀಗೆ: ಅಳತೆಗಿಂತ ಒಂದು ಮೀಟರ್ ಹೆಚ್ಚು ಅಗಲಕ್ಕೆ ಗುಂಡಿ, ತಳಕ್ಕೆ ಗರಸು, ಅದರ ಮೇಲೆ ಬೆಡ್ ಕಾಂಕ್ರೀಟ್, ಎರಡು ಪದರ ಕಬ್ಬಿಣದ ಸರಳು, ಕಾಂಕ್ರೀಟ್ ಸುರಿಯುವ ಮೊದಲೇ ಎಲ್ಲ ಪೈಪು. ತಳಕ್ಕೂ ಗೋಡೆಗೂ ನಡುವಿನ ಸೇರುವೆಯಲ್ಲಿ ನೀರು ತಡೆಯುವ ಪಿವಿಸಿ ಪಟ್ಟಿ ಇಡಿಸಿ. ಸೋರಿಕೆ ಶುರುವಾಗುವುದು ಸಾಮಾನ್ಯವಾಗಿ ಅಲ್ಲಿಂದಲೇ. ತಳದ ಹೊರದಾರಿ ಒಂದೇ ಬೇಡ, ದೂರ ದೂರಕ್ಕೆ ಎರಡಿರಲಿ. ಒಂದೇ ಇದ್ದರೆ ಪಂಪಿನ ಎಳೆತಕ್ಕೆ ಮಕ್ಕಳ ಕೂದಲು, ಕೈ ಸಿಕ್ಕಿಕೊಂಡು ಬಿಡಿಸಲಾಗದೆ ಹೋಗಬಹುದು.

ಕಾಂಕ್ರೀಟಿಗೆ ಕ್ಯೂರಿಂಗ್ ಮುಗಿದ ಮೇಲೆ, ಟೈಲ್ಸ್ ಹಚ್ಚುವ ಮುನ್ನ, ಕೊಳ ತುಂಬಿಸಿ ವಾರವಿಡೀ ಮಟ್ಟ ನೋಡಬೇಕು. ನೀರು ಇಳಿದರೆ ಸೋರಿಕೆಯೋ ಬಿಸಿಲೋ ಎಂದು ತಿಳಿಯಲು ಸುಲಭದ ದಾರಿಯಿದೆ. ಕೊಳದ ಮೆಟ್ಟಿಲ ಮೇಲೆ ಬಕೆಟ್ಟೊಂದರಲ್ಲಿ ನೀರು ತುಂಬಿಟ್ಟು ಎರಡರಲ್ಲೂ ಗುರುತು ಹಾಕಿ. ಎರಡೂ ಸಮನಾಗಿ ಇಳಿದರೆ ಆವಿ. ಕೊಳದ್ದು ಹೆಚ್ಚು ಇಳಿದರೆ ಸೋರಿಕೆ. ಈ ಪರೀಕ್ಷೆ ಮುಗಿಯದೆ ಗುತ್ತಿಗೆದಾರರಿಗೆ ಮುಂದಿನ ಕಂತು ಕೊಡಬೇಡಿ.

ನಮ್ಮ ಕಡೆಯ ಎರಡು ತೊಡಕುಗಳನ್ನು ನಗರದ ಗುತ್ತಿಗೆದಾರರು ತಾವಾಗಿ ಹೇಳುವುದಿಲ್ಲ. ಎರೆಮಣ್ಣು ಉಬ್ಬಿ ಕುಗ್ಗಿ ಕಾಂಕ್ರೀಟನ್ನೇ ಸೀಳುತ್ತದೆ. ಕೊಳದ ಕೆಳಗೂ ಸುತ್ತಲೂ ಎರೆ ತೆಗೆದು ಗರಸು ತುಂಬಿ ಬಿಗಿಗೊಳಿಸದೆ ಅಲ್ಲಿ ಕೆಲಸ ಹಿಡಿಯಬಾರದು. ಇನ್ನೊಂದು, ಹಾನಗಲ್ ಕಡೆಯ ಗದ್ದೆ ಸೀಮೆಯಲ್ಲಿ ಮಳೆಗಾಲದಲ್ಲಿ ಅಂತರ್ಜಲ ಮೇಲೆ ಬರುತ್ತದೆ. ಆಗ ಕೊಳ ಖಾಲಿಯಿದ್ದರೆ ಸುತ್ತಲಿನ ನೀರು ಇಡೀ ಕಾಂಕ್ರೀಟ್ ತೊಟ್ಟಿಯನ್ನೇ ನೆಲದಿಂದ ಮೇಲೆ ಎತ್ತಿಬಿಡುತ್ತದೆ. ಮಳೆಗಾಲದಲ್ಲಿ ಕೊಳ ತೊಳೆಯಲೆಂದು ಪೂರ್ತಿ ಖಾಲಿ ಮಾಡಬಾರದು ಎನ್ನುವುದು ಇದಕ್ಕಾಗಿ.

ಇನ್ನು ನೀರಿನ ಲೆಕ್ಕ. ಈ ಕೊಳಕ್ಕೆ ಒಂದು ಸಲಕ್ಕೆ 41,600 ಲೀಟರ್, ಅಂದರೆ 5,000 ಲೀಟರಿನ ಟ್ಯಾಂಕರ್ ಎಂಟು ತುಂಬಿ ಮೇಲೆ ಒಂದಿಷ್ಟು. ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಗೊತ್ತುಮಾಡಿರುವುದು 55 ಲೀಟರ್. ಆ ಲೆಕ್ಕದಲ್ಲಿ ಐದು ಜನರ ಕುಟುಂಬಕ್ಕೆ ಐದು ತಿಂಗಳ ನೀರು ಈ ಒಂದು ಕೊಳದಲ್ಲಿರುತ್ತದೆ. ಮೇಲೆ ದಿನವೂ ಆವಿಯಾಗಿ ಹೋಗುವುದು, ಫಿಲ್ಟರ್ ತೊಳೆಯಲು ವಾರಕ್ಕೊಮ್ಮೆ ಚೆಲ್ಲುವುದು ಬೇರೆ. 2024ರ ಬರದಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸಬಾರದೆಂದು ಆದೇಶಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಹಳ್ಳಿಯಲ್ಲಿ ದಂಡ ಹಾಕುವವರು ಇರಲಿಕ್ಕಿಲ್ಲ. ನಲ್ಲಿಯ ಮುಂದೆ ಕೊಡ ಇಟ್ಟು ಕೂತವರ ಎದುರು ಟ್ಯಾಂಕರ್ ತರಿಸಿ ಕೊಳ ತುಂಬಿಸುವ ಮುಜುಗರ ಇದ್ದೇ ಇರುತ್ತದೆ.

ತಿಳಿನೀರು ತಿಳಿಯಾಗಿಯೇ ಉಳಿಯಬೇಕಾದರೆ ದಿನಕ್ಕೆ ಆರು ತಾಸಾದರೂ ಪಂಪು ಓಡಿ ಇಡೀ ನೀರು ಮರಳಿನ ಫಿಲ್ಟರಿನಲ್ಲಿ ಒಮ್ಮೆ ಸೋಸಿ ಬರಬೇಕು. ಒಂದು ಎಚ್‌ಪಿ ಪಂಪಿಗೆ ತಿಂಗಳಿಗೆ 180 ಯೂನಿಟ್ ಸುತ್ತಮುತ್ತ ವಿದ್ಯುತ್ ಬೇಕು. 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟಿಗೆ ಸಿಗುವ ಉಚಿತ ವಿದ್ಯುತ್ತು ಇದಕ್ಕೆ ಸಲ್ಲದು, ಬೇರೆ ಮೀಟರ್ ಬೇಕು. ಲೈನಿಗೆ ವಿದ್ಯುತ್ ಸೋರಿದೊಡನೆ ಕಡಿತ ಮಾಡುವ ಆರ್‌ಸಿಸಿಬಿ ಹಾಕಿಸದೆ, ಸರಿಯಾದ ಅರ್ಥಿಂಗ್ ಇಲ್ಲದೆ ಯಾರನ್ನೂ ನೀರಿಗಿಳಿಸಬೇಡಿ. ನೀರಿನೊಳಗಿನ ದೀಪಗಳು 12 ವೋಲ್ಟಿನವೇ ಇರಲಿ. ಪಿಎಚ್ 7.2ರಿಂದ 7.8ರೊಳಗೆ, ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ ಇದೆಯೇ ಎಂದು ಕಿಟ್‌ನಲ್ಲಿ ನೋಡುತ್ತಿರಬೇಕು. ಕಬ್ಬಿಣದ ಅಂಶವಿರುವ ಬೋರಿನ ನೀರಿಗೆ ಕ್ಲೋರಿನ್ ಹಾಕಿದ ಕೂಡಲೇ ಇಡೀ ಕೊಳ ಕಂದುಬಣ್ಣಕ್ಕೆ ತಿರುಗುತ್ತದೆ. ಕೊಳ ಕಟ್ಟುವ ಮುಂಚೆ ಬೋರಿನ ನೀರು ಪರೀಕ್ಷೆ ಮಾಡಿಸಿದರೆ ಈ ಪೇಚು ತಪ್ಪುತ್ತದೆ. ಮೊಮ್ಮಕ್ಕಳು ವರ್ಷಕ್ಕೆ ಹದಿನೈದು ದಿನ ಬರುವವರಾದರೆ, ಉಳಿದ ದಿನ ಈ ಚಾಕರಿ ಮಾಡುವವರು ಯಾರು ಎಂದು ಮನೆಯಲ್ಲಿ ಕೂತು ಮಾತಾಡಿ.

ಹೊಂಡದಲ್ಲೇಕೆ ಈಜಬಾರದು

ಈ ಭಾಗದ ಹಿಂದಿನ ತಲೆಮಾರು ಈಜು ಕಲಿತದ್ದು ಕಲ್ಲುಕಟ್ಟಡದ ಬಾವಿಗಳಲ್ಲಿ, ಸೊಂಟಕ್ಕೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿಕೊಂಡು. ಬಾವಿ ಆಳವೇ ಇತ್ತು. ಆದರೆ ಅದಕ್ಕೆ ಮೆಟ್ಟಿಲಿತ್ತು, ಕಲ್ಲಿನ ಸಂದುಗಳಲ್ಲಿ ಕೈಗೆ ಹಿಡಿತ ಸಿಗುತ್ತಿತ್ತು, ದಂಡೆಯ ಮೇಲೆ ಹಗ್ಗ ಹಿಡಿದ ದೊಡ್ಡವರು ನಿಂತಿರುತ್ತಿದ್ದರು. ಲಕ್ಕುಂಡಿಯ ಮುಸುಕಿನ ಬಾವಿ, ಹಂಪಿಯ ಮೆಟ್ಟಿಲು ಕೊಳ ನೋಡಿದವರಿಗೆ ಗೊತ್ತು: ನೀರು ಯಾವ ಮಟ್ಟದಲ್ಲಿರಲಿ, ಕಾಲಿಗೆ ಒಂದು ಮೆಟ್ಟಿಲು ಸಿಗುತ್ತದೆ.

ತಾಡಪತ್ರಿ ಹಾಸಿದ ಹೊಂಡದಲ್ಲಿ ಇವು ಯಾವುವೂ ಇಲ್ಲ. ದಂಡೆ 45 ಡಿಗ್ರಿ ಇಳಿಜಾರು, ಮೇಲೆ ನುಣುಪಾದ ಪ್ಲಾಸ್ಟಿಕ್, ಅದರ ಮೇಲೆ ಪಾಚಿ. ಕಾಲಿಟ್ಟರೆ ಜಾರುತ್ತದೆ, ಜಾರಿದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ, ಹತ್ತು ಅಡಿ ನೀರಿನಲ್ಲಿ ನಿಲ್ಲಲು ನೆಲ ಸಿಗುವುದಿಲ್ಲ. ಚೆನ್ನಾಗಿ ಈಜು ಬರುವ ಗಂಡಸು ಕೂಡ ಆ ದಂಡೆ ಹತ್ತಲಾರದೆ ಸುಸ್ತಾಗುತ್ತಾನೆ. ಒಬ್ಬರನ್ನು ಎತ್ತಲು ಹೋದ ಇನ್ನೊಬ್ಬರೂ ಜಾರುತ್ತಾರೆ. ಕೃಷಿ ಹೊಂಡದ ಸಾವಿನ ಸುದ್ದಿಗಳಲ್ಲಿ ಅಣ್ಣ–ತಂಗಿ, ತಾಯಿ–ಮಗು ಜೊತೆಯಾಗಿ ಹೋದದ್ದು ಓದುತ್ತೇವಲ್ಲ, ಅದರ ಕಾರಣ ಇದು.

ಸರಿಯಾಗಿ ಕಟ್ಟಿದ ಈಜುಕೊಳವೂ ಕಾವಲಿಲ್ಲದಿದ್ದರೆ ಜೀವ ತೆಗೆಯುತ್ತದೆ. 2024ರ ನವೆಂಬರಿನಲ್ಲಿ ಮಂಗಳೂರು ಸಮೀಪದ ಉಚ್ಚಿಲದ ರೆಸಾರ್ಟ್ ಒಂದರ ಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಸತ್ತರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 2021ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತಿದ್ದಾರೆ. ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಐದು ವರ್ಷದೊಳಗಿನ ಮಕ್ಕಳು.

ಹೊಂಡದ ಸುತ್ತ ಐದಡಿಯ ಬೇಲಿ, ಬೀಗವಿರುವ ಗೇಟು ಇರಲೇಬೇಕು. ನಾಲ್ಕೂ ಮೂಲೆಯಲ್ಲಿ ಗಟ್ಟಿ ಗೂಟಕ್ಕೆ ಕಟ್ಟಿದ, ಅಡಿಗೊಂದು ಗಂಟು ಹಾಕಿದ ಹಗ್ಗ ತಳದವರೆಗೆ ಇಳಿಬಿಡಿ. ಒಂದು ಬದಿಗೆ ಹಗ್ಗದ ಏಣಿ ಇರಲಿ. ಗಾಳಿ ತುಂಬಿದ ಹಳೆಯ ಟ್ರ್ಯಾಕ್ಟರ್ ಟ್ಯೂಬು ಎರಡನ್ನು ನೀರಿನ ಮೇಲೆ ತೇಲಬಿಡಿ. ಇಷ್ಟಕ್ಕೆ ಆಗುವ ಖರ್ಚು ಹಾಳೆಯ ಬೆಲೆಯ ಮುಂದೆ ಏನೇನೂ ಅಲ್ಲ. ಯಾರಾದರೂ ಬಿದ್ದರೆ ನೀವೂ ಧುಮುಕಬೇಡಿ, ಹಗ್ಗವನ್ನೋ ಗಳವನ್ನೋ ಚಾಚಿ. ಹೊರಗೆ ತೆಗೆದ ಮೇಲೆ ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತುವುದು ತಪ್ಪು. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಯಿಟ್ಟು ಉಸಿರು ಕೊಡುತ್ತ, ಎದೆ ಒತ್ತುತ್ತ, 108ಕ್ಕೆ ಕರೆ ಮಾಡಿಸಿ.

ತೋಡಿದ ಮೇಲಿನ ಕೆಲಸ

ಪ್ರತಿ ಬೇಸಿಗೆಗೆ ಹೂಳುಗುಂಡಿ ಖಾಲಿ ಮಾಡಬೇಕು, ಮುಂಗಾರಿಗೆ ಮೊದಲು ಕೋಡಿಯ ಕಲ್ಲು ನೋಡಬೇಕು, ದಂಡೆಯ ಮೇಲೆ ಗರಿಕೆಯೋ ಮೇವಿನ ಹುಲ್ಲೋ ಹಚ್ಚಬೇಕು, ಹಾಳೆ ಹರಿದಲ್ಲಿ ಕೂಡಲೇ ತೇಪೆ ಹಾಕಿಸಬೇಕು. ಈ ನಾಡಿನ ಶಾಸನಗಳಲ್ಲಿ ಕೆರೆ ಕಟ್ಟಿಸಿದ ಸುದ್ದಿಯ ಜೊತೆಗೆ ಅದರ ದುರಸ್ತಿಗೆಂದು ಬಿಟ್ಟ ಬಿತ್ತುವಟ್ಟ ಎಂಬ ದತ್ತಿಯ ಸುದ್ದಿಯೂ ಬರುತ್ತದೆ. ಕಟ್ಟಿಸುವ ದಿನವೇ ಕಾಪಾಡುವ ಖರ್ಚಿಗೆ ದಾರಿ ಮಾಡಿಡುತ್ತಿದ್ದರು. ಸರ್ಕಾರದ ಸಹಾಯಧನ ಆರಂಭದ ಖರ್ಚಿಗೆ ಮಾತ್ರ. ನಂತರದ ವರ್ಷಗಳದ್ದು ನಿಮ್ಮ ಕೈಯದೇ.

ನೀರು ಉಳಿಸಿ ಬೆಳೆ ತೆಗೆಯುವುದಿದ್ದರೆ ಹೊಂಡ ತೋಡಿಸಿ. ಮಕ್ಕಳಿಗೆ ಈಜು ಕಲಿಸುವುದಿದ್ದರೆ ನಾಲ್ಕಡಿ ನೀರಿನ, ಮೆಟ್ಟಿಲಿರುವ ಕೊಳ ಕಟ್ಟಿಸಿ. ಅದು ಕೈಗೆಟುಕದಿದ್ದರೆ ಪೇಟೆಯ ಈಜುಕೊಳಕ್ಕೆ ಕಳಿಸಿ, ತರಬೇತಿ ಕೊಡಿಸಿ. ಒಂದರ ಕೆಲಸಕ್ಕೆ ಇನ್ನೊಂದನ್ನು ಹಚ್ಚಬೇಡಿ. ಯಾವುದನ್ನೇ ಮಾಡಿಸಿ, ಅಂದಾಜುಪಟ್ಟಿಯ ಮೊದಲ ಸಾಲಿನಲ್ಲಿ ಬೇಲಿಯ ಖರ್ಚು ಬರೆಯಿರಿ. ಬೇಲಿಗೆ ದುಡ್ಡು ಸಾಲದೆ ಹೋದರೆ ಈ ವರ್ಷ ಯಂತ್ರ ಕರೆಸಬೇಡಿ. ಹೊಲ ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದಿನ ಶಿವರಾತ್ರಿ ಕಳೆದ ಮೇಲೆ ತೋಡಿಸಿದರಾಯಿತು.